ಬಿಚ್ಚದ ಕೊಡೆ

“ಮಣಿಗಂಟು ಈಗ ಹೇಗುಂಟು, ಹವಿಲ್ದಾರ್ರೇ?”

ಲಾರಿಯ ಟಾರ್ಪಾಲಿನ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ಕಟ್ಟುತ್ತಿದ್ದ ಶೀನಪ್ಪ ಹಾಗೆಯೇ ನಿಂತ. ತಿರುಗಲಿಲ್ಲ. ಬಲಗೈ ಹಗ್ಗದ ಮೇಲೆ ಒಂದು ಗಳಿಗೆ ಬಿಗಿಯಿತು, ಆಮೇಲೆ ಸಡಿಲವಾಯಿತು.

“ಪರವಾಗಿಲ್ಲ ಸಾರ್. ಉಳುಕು. ಮೂರು ದಿನದಲ್ಲಿ ಇಳಿಯಿತು.”

“ಒಳ್ಳೆಯದಾಯಿತು,” ಎಂದ ಸರ್ಕಲ್ ಇನ್ಸ್‌ಪೆಕ್ಟರ್ ಚಿನ್ನಯ್ಯ. “ಉಳುಕಿದ ಕೈಯಲ್ಲಿ ಇಷ್ಟು ಬಿಗಿಯಾಗಿ ಹಗ್ಗ ಎಳೆಯುವವರನ್ನು ನಾನು ನೋಡಿರಲಿಲ್ಲ.”

ಬಂಟ್ವಾಳದ ಪ್ರವಾಸಿ ಬಂಗಲೆಯ ಅಂಗಳದಲ್ಲಿ ಅವರಿಬ್ಬರೇ ಇದ್ದರು. ಮಧ್ಯಾಹ್ನ ಎರಡೂವರೆ. ತಂಡದ ಉಳಿದವರು ನೇತ್ರಾವತಿಗೆ ಸ್ನಾನಕ್ಕಿಳಿದಿದ್ದರು. ಮಂಗಳೂರಿಗೆ ಹೋದ ಕ್ಯಾಪ್ಟನ್ ಐದಕ್ಕೆ ಮೊದಲು ಬರುವವರಿದ್ದರು. ಐದು ಗಂಟೆಗೆ ಈ ಲಾರಿ ಹೊರಡುತ್ತದೆ, ಏಳಕ್ಕೆ ಮಂಗಳೂರಿನಿಂದ ರೈಲು. ಆ ರೈಲು ಹತ್ತಿದ ಮೇಲೆ ಶೀನಪ್ಪ ಸೈನ್ಯದ ಮನುಷ್ಯ. ಬಂಟ್ವಾಳದ ಒಬ್ಬ ಪೊಲೀಸಿನವನ ಕೈಗೆ ಅವನು ಮತ್ತೆ ಸಿಗುವುದು ಸುಳ್ಳು.

ಮೂರು ದಿನದ ಹಿಂದೆ, ಭಾನುವಾರ, ಮೂಡುಬಿದಿರೆಯ ಕೊಯ್ಲಾದ ಗದ್ದೆಯಲ್ಲಿ ಹತ್ತು ಸಾವಿರ ಜನರ ಕಣ್ಣೆದುರು ನಾಯಕ್ ಭೋಜ ಆಕಾಶದಿಂದ ಬಿದ್ದು ಸತ್ತಿದ್ದ.

ಆರು ಮಂದಿಯ ಆ ಪ್ಯಾರಾಶೂಟ್ ತಂಡ ಊರೂರಿಗೆ ಹೋಗಿ ಹಾರಿ ತೋರಿಸುತ್ತಿತ್ತು. ಗದ್ದೆಯ ನಡುವೆ ಸುಣ್ಣದಲ್ಲಿ ಬರೆದ ವೃತ್ತದ ಮಧ್ಯಕ್ಕೆ ಯಾರು ಹತ್ತಿರ ಇಳಿಯುತ್ತಾರೋ ಅವರು ಗೆದ್ದಂತೆ. ಎಲ್ಲಕ್ಕಿಂತ ಕೊನೆಗೆ ‘ಜೋಡಿ ಕೊಡೆ’. ಒಬ್ಬ ಹಾರುಗಾರ ಬೆನ್ನಿನ ದೊಡ್ಡ ಕೊಡೆಯನ್ನು ಬಿಚ್ಚಿ, ಅರ್ಧ ಆಕಾಶದಲ್ಲಿ ಬೇಕೆಂದೇ ಅದನ್ನು ಕಳಚಿ ಬಿಟ್ಟು, ಕಲ್ಲಿನ ಹಾಗೆ ಬೀಳುತ್ತ ಬಂದು, ಎದೆಗೆ ಕಟ್ಟಿದ ಸಣ್ಣ ಕೊಡೆಯನ್ನು ಬಿಚ್ಚಬೇಕು. ಅದು ಕೇಸರಿ, ಬಿಳಿ, ಹಸಿರಿನ ಕೊಡೆ. ಅದು ಅರಳಿದಾಗ ಜನ ಹುಚ್ಚೆದ್ದು ಕೂಗಬೇಕು.

ಭೋಜ ದೊಡ್ಡದನ್ನು ಕಳಚಿದ. ಸಣ್ಣದು ಬಿಚ್ಚಲೇ ಇಲ್ಲ. ಗದ್ದೆಯಲ್ಲಿ ಸಿಕ್ಕಾಗ ಅವನ ಬಲಮುಷ್ಟಿ ಎದೆಯ ಕೆಂಪು ಹಿಡಿಯನ್ನು ಇನ್ನೂ ಹಿಡಿದಿತ್ತು.

ಚಿನ್ನಯ್ಯ ಜಗಲಿಯ ಮೇಜಿನ ಮುಂದೆ ಕುಳಿತು ಜೇಬಿನಿಂದ ಮೂರು ಕಾಗದ ತೆಗೆದಿಟ್ಟ. ಮೊದಲನೆಯದರಲ್ಲಿ ಸುತ್ತಿಟ್ಟದ್ದು ಒಂದು ತುಂಡು ಗುಲಾಬಿ ಬಣ್ಣದ ನೂಲು.

“ಇದು ನಿಮಗೆ ಗೊತ್ತುಂಟು.”

“ಗೊತ್ತುಂಟು,” ಎಂದ ಶೀನಪ್ಪ, ಕೈ ಒರೆಸಿಕೊಂಡು ಮೆಟ್ಟಿಲು ಹತ್ತುತ್ತ. “ಬೀಡಿ ಕಟ್ಟುವ ನೂಲು. ಆ ಮೈಕಿನ ನಾಸಿರನ ಮನೆಯದ್ದು. ಎಂಟು ಎಳೆ ಸೇರಿಸಿ ಹೊಸೆದು ಮೇಣ ಹಚ್ಚಿದ್ದು. ಕೊಡೆಯ ಕಡ್ಡಿಗೆ ಸುತ್ತಿದ್ದ. ಹಿಡಿ ಎಳೆದರೆ ಕಡ್ಡಿ ಜಾರಬೇಕು. ಜಾರಲಿಲ್ಲ. ನೀವೇ ಹಿಡಿದು ಲಾಕಪ್ಪಿಗೆ ಹಾಕಿದ್ದೀರಿ, ಮತ್ತೆ ನನ್ನ ಹತ್ತಿರ ಎಂತ ಕೇಳುವುದು?”

ನಿಜ, ಚಿನ್ನಯ್ಯನೇ ಹಿಡಿದಿದ್ದ. ಅಬ್ದುಲ್ ನಾಸಿರ್ ಆ ಪ್ರದರ್ಶನಕ್ಕೆ ಧ್ವನಿವರ್ಧಕ ಕಟ್ಟಿದವನು. ಕೊಡೆಗಳನ್ನು ಇಟ್ಟಿದ್ದ ಮೂಡುಬಿದಿರೆಯ ಶಾಲೆಯ ಹಾಲಿನೊಳಗೆ ಹೋಗಿ ಬರುತ್ತಿದ್ದವನು. ಶನಿವಾರ ಮುಸ್ಸಂಜೆ ಅವನು ಒಂದು ಕೊಡೆಯ ಕಟ್ಟಿನ ಮೇಲೆ ಬಗ್ಗಿದ್ದನ್ನು ಕಾವಲಿನವನು ಕಂಡು ಗದರಿಸಿ ಓಡಿಸಿದ್ದ. ಅಂಗಿಯ ಜೇಬಿನಲ್ಲಿ ಇದೇ ನೂಲು ಸಿಕ್ಕಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅವನು ಉಸ್ಮಾನನ ತಮ್ಮ. ಅರವತ್ತೆರಡರಲ್ಲಿ ಈಶಾನ್ಯ ಗಡಿಯ ನೇಫಾದ ಬೆಟ್ಟದಲ್ಲಿ ಚೀನಾದವರು ಮೇಲೆ ಬಿದ್ದಾಗ ಬಂದೂಕು ಬಿಟ್ಟು ಓಡಿಹೋದ ಎಂದು ಸೈನ್ಯ ಬರೆದುಕೊಂಡ ಉಸ್ಮಾನ್. ಹಾಗೆ ವರದಿ ಕೊಟ್ಟವನು ಅವನ ಮೇಲಿನ ಹವಿಲ್ದಾರ, ಇದೇ ಶೀನಪ್ಪ.

ಊರಿಗೆ ಇಷ್ಟು ಸಾಕಾಗಿತ್ತು. ಸೋಮವಾರ ಬೆಳಿಗ್ಗೆ ಪಾಣೆಮಂಗಳೂರಿನ ಮೈಕಿನ ಅಂಗಡಿಗೆ ಕಲ್ಲು ಬಿತ್ತು. ‘ಅಣ್ಣ ಹೇಡಿ, ತಮ್ಮ ಕೊಲೆಗಾರ’ ಎಂದು ಯಾರೋ ಇದ್ದಲಿನಲ್ಲಿ ಬಾಗಿಲ ಮೇಲೆ ಬರೆದರು. ಇವತ್ತು ಸಂಜೆಯೊಳಗೆ ಕೇಸು ಒಂದು ದಡ ಸೇರಬೇಕೆಂದು ಮಂಗಳೂರಿನಿಂದ ಎರಡು ಸಲ ಫೋನು ಬಂದಿತ್ತು.

“ಈ ನೂಲಿನ ಬಣ್ಣ ನೋಡಿ,” ಎಂದ ಚಿನ್ನಯ್ಯ. “ಕೊಡೆಯ ಚೀಲ ಯಾವ ಬಣ್ಣ?”

“ಸೊಪ್ಪಿನ ಬಣ್ಣ.”

“ಸೊಪ್ಪಿನ ಮೇಲೆ ಗುಲಾಬಿ. ಕುರುಡನಿಗೂ ಕಾಣಬೇಕು.” ಚಿನ್ನಯ್ಯ ಎರಡನೆಯ ಕಾಗದವನ್ನು ಮುಂದಕ್ಕೆ ನೂಕಿದ. “ಇದು ಬಜ್ಪೆ ವಿಮಾನ ನಿಲ್ದಾಣದಿಂದ ನಿನ್ನೆ ಸಂಜೆ ನನ್ನ ಕೈಗೆ ಬಂತು. ಭಾನುವಾರ ವಿಮಾನ ಹತ್ತುವ ಮೊದಲು, ಬೆಳಿಗ್ಗೆ ಎಂಟು ಹತ್ತಕ್ಕೆ ಆರು ಮಂದಿಯ ಎಲ್ಲ ಕಟ್ಟುಗಳನ್ನೂ ಮುಚ್ಚಳ ತೆಗೆದು, ಕಡ್ಡಿ ಮುಟ್ಟಿ ಪರೀಕ್ಷೆ ಮಾಡಿದ್ದುಂಟು. ಎಲ್ಲ ಸರಿ ಎಂದು ಸಹಿ. ಯಾರ ಸಹಿ?”

ತನ್ನದೇ ಸಹಿಯನ್ನು ಶೀನಪ್ಪ ಓದುವ ಅಗತ್ಯವಿರಲಿಲ್ಲ.

“ಮೂರನೆಯದು ನಿಮ್ಮ ಪ್ರದರ್ಶನದ ಕರಪತ್ರ. ಜೋಡಿ ಕೊಡೆ, ಹವಿಲ್ದಾರ್ ಶೀನಪ್ಪ ಅವರಿಂದ. ಭೋಜನ ಹೆಸರು ಇಲ್ಲ. ಆ ಕೊಡೆ ನಿಮ್ಮದು, ಆ ಹಾರಾಟ ನಿಮ್ಮದು. ಎಂಟು ಇಪ್ಪತ್ತಕ್ಕೆ, ಪರೀಕ್ಷೆ ಮುಗಿದು ಹತ್ತೇ ನಿಮಿಷದಲ್ಲಿ, ಕ್ಯಾಪ್ಟನ್ನರ ಹತ್ತಿರ ಹೋಗಿ ಮಣಿಗಂಟು ಉಳುಕಿತು, ಭೋಜ ಹಾರಲಿ, ಅವನ ತಾಯಿ ನೋಡಲಿಕ್ಕೆ ಬರ್ತಾರೆ ಎಂದು ಹೇಳಿದಿರಿ. ನಿಮ್ಮ ಕೈಯಾರೆ ಅವನ ಎದೆಗೆ ಕಟ್ಟಿದಿರಿ.”

ಹೊಳೆಯ ಕಡೆಯಿಂದ ಸೈನಿಕರ ನಗು ಕೇಳಿಸಿತು. ನೀರು ಎರಚಾಡುವ ಸದ್ದು.

ಶೀನಪ್ಪ ಕುರ್ಚಿ ಎಳೆದು ಎದುರಿಗೆ ಕುಳಿತ. ನಲವತ್ತರ ಹತ್ತಿರದ ಆಳು. ಕೆನ್ನೆಯಲ್ಲಿ ಹಿಮ ಸುಟ್ಟ ಕಲೆ. ಬೆಳ್ತಂಗಡಿಯ ಕಡೆಯವನು, ಭೋಜನ ಮುಂಡಾಜೆಯ ಮನೆಗೆ ಇವನ ಮನೆ ಕೂಗಳತೆ. ಭೋಜನನ್ನು ಸೈನ್ಯಕ್ಕೆ ಸೇರಿಸಿದವನೂ ಇವನೇ, ಆಮೇಲೆ ಹಾರಲು ಕಲಿಸಿದವನೂ ಇವನೇ.

“ನೀವು ಇದನ್ನು ಯಾರಿಗಾದರೂ ಹೇಳಿದ್ದೀರಾ?”

“ಇನ್ನೂ ಇಲ್ಲ.”

“ಹಾಗಾದರೆ ಕೇಳಿ. ನಾಳೆ ಯಾರು ಕೇಳಿದರೂ ನಾನು ಹೇಳಿಲ್ಲ ಅಂತಲೇ ಹೇಳ್ತೇನೆ.” ಅವನ ಸ್ವರದಲ್ಲಿ ಏರಿಳಿತವಿರಲಿಲ್ಲ. “ಆ ನೂಲು ನಾನು ಕಟ್ಟಿದ್ದಲ್ಲ. ಮುಚ್ಚಳ ತೆಗೆದೆ, ಕಂಡಿತು. ಯಾರೋ ನನಗೆಂದು ಕಟ್ಟಿದ್ದು ಸಾರ್. ನನ್ನ ಎದೆಗೆ ಗುರಿಯಿಟ್ಟ ಕತ್ತಿ. ನಾನು ಬದಿಗೆ ಸರಿದೆ, ಅಷ್ಟೆ.”

“ಸರಿದು ಅಲ್ಲಿ ಭೋಜನನ್ನು ನಿಲ್ಲಿಸಿದಿರಿ.”

“ಹೌದು.”

“ಯಾಕೆ?”

“ಅವನೂ ನೇಫಾದಲ್ಲಿ ನಮ್ಮ ಜೊತೆ ಇದ್ದವ, ಮಾತಾಡಲಿಕ್ಕೆ ಹೊರಟಿದ್ದ. ಹಾರಿ ಇಳಿದ ಮೇಲೆ ಮೈಕು ತೆಗೆದುಕೊಂಡು ಉಸ್ಮಾನ್ ಓಡಿಹೋಗಲಿಲ್ಲ ಎಂದು ಊರಿಗೆಲ್ಲ ಹೇಳ್ತೇನೆ ಅಂದ. ಶನಿವಾರ ರಾತ್ರೆ ಊಟಕ್ಕೆ ಕುಳಿತಲ್ಲಿ ನನ್ನ ಮುಖಕ್ಕೇ ಹೇಳಿದ. ಬೇಡ ಮಾರಾಯ ಅಂದೆ. ಸತ್ತವನು ಸತ್ತ, ಇದ್ದವರು ಬದುಕುವ ಅಂದೆ. ಕಾಲು ಹಿಡಿಯುವುದೊಂದು ಬಾಕಿ. ಅವನು ಕೇಳಲಿಲ್ಲ.”

“ಅಂದರೆ ಉಸ್ಮಾನ್ ಓಡಿಹೋಗಲಿಲ್ಲ.”

“ಇಲ್ಲ. ಬಂದೂಕಿನ ಬುಡದಲ್ಲೇ ಸತ್ತ. ನಾನೇ ಕಣ್ಣಾರೆ ನೋಡಿದ್ದು.”

ಉಸ್ಮಾನ್ ಸೈನ್ಯಕ್ಕೆ ಸೇರುವಾಗ ನಡತೆ ಒಳ್ಳೆಯದೆಂದು ಬರೆದುಕೊಟ್ಟವನು ಚಿನ್ನಯ್ಯನೇ. ಓಡಿಹೋದವನನ್ನು ಹುಡುಕಿ ಎಂದು ಸೈನ್ಯದ ಕಾಗದ ಬಂದಾಗ ಮೆಲ್ಕಾರಿನ ಆ ಸಣ್ಣ ಮನೆಗೆ ಮೂರು ಸಲ ನುಗ್ಗಿದವನೂ ಅವನೇ. ಮೂರನೆಯ ಸಲ ಅಕ್ಕಿಯ ಮಡಕೆ ಕವುಚಿ ಹಾಕಿ ನೋಡಿದ್ದ. ಉಸ್ಮಾನನ ತಾಯಿ ಬೀಯಮ್ಮ ಒಂದೂ ಮಾತಾಡದೆ ನೆಲದ ಅಕ್ಕಿಯನ್ನು ಒಂದೊಂದಾಗಿ ಹೆಕ್ಕಿದ್ದಳು.

“ಮತ್ತೆ ಓಡಿದ ಎಂದು ಯಾಕೆ ಬರೆದಿರಿ?”

“ಅದನ್ನು ಕೇಳಬೇಡಿ.” ಮೊದಲ ಬಾರಿಗೆ ಶೀನಪ್ಪನ ಕಣ್ಣು ಪಕ್ಕಕ್ಕೆ ಹೊರಳಿತು. “ಒಬ್ಬನನ್ನು ಉಳಿಸಲಿಕ್ಕೆ ಬರೆದೆ ಅಂತ ತಿಳಿಯಿರಿ. ನನ್ನನ್ನೇ ಅಂತ ಬೇಕಾದರೆ ತಿಳಿಯಿರಿ.”

ಅವನು ಒಳಗೆ ಹೋಗಿ ಒಂದು ಹಾಳೆ ತಂದು ಮೇಜಿನ ಮೇಲೆ ಹರಡಿದ. ದುಂಡಗಿನ, ಶಾಲೆಯಲ್ಲಿ ಕಲಿತ ಅಕ್ಷರ. ಸಿಪಾಯಿ ಉಸ್ಮಾನ್ ಶತ್ರುವನ್ನು ಎದುರಿಸುತ್ತ ತನ್ನ ಸ್ಥಾನದಲ್ಲಿಯೇ ಮಡಿದನು. ಗೊಂದಲದಲ್ಲಿ ನಾನು ಕೊಟ್ಟ ವರದಿ ತಪ್ಪು. ಕೆಳಗೆ ಸಹಿಯ ಜಾಗ ಖಾಲಿ.

“ನಿಮ್ಮ ವರದಿಯಲ್ಲಿ ಆಕಸ್ಮಿಕ ಎಂದು ಬರೆಯಿರಿ. ಆ ನೂಲು ಹೊಳೆಗೆ ಹೋಗಲಿ. ವರದಿಯನ್ನು ಐದು ಗಂಟೆಯೊಳಗೆ ತಂದು ಕ್ಯಾಪ್ಟನ್ನರ ಕೈಗೆ ಕೊಡಿ, ನಾನು ಇದಕ್ಕೆ ಸಹಿ ಹಾಕಿ ನಿಮ್ಮ ಕೈಗೆ ಕೊಡ್ತೇನೆ. ಕೆಲಸ ಹೋದರೂ ಹೋಗಲಿ. ನಾಸಿರ್ ಮನೆಗೆ ಹೋಗ್ತಾನೆ. ಆ ಮುದುಕಿಗೆ ಅವಳ ಮಗನ ಹೆಸರು ಸಿಗ್ತದೆ.”

“ಭೋಜ?”

“ಭೋಜ ದೇಶಕ್ಕಾಗಿ ಸತ್ತವನು. ಹಾಗೆಯೇ ಇರಲಿ. ಮುಂಡಾಜೆಯಲ್ಲಿ ಅವನ ತಾಯಿ ಅದೊಂದನ್ನೇ ಹಿಡಿದುಕೊಂಡು ಉಸಿರಾಡುತ್ತಿದ್ದಾರೆ.”

“ಅವರ ಎದುರು ಹೋಗಿ ನೀವು ಕುಳಿತು ಬಂದಿರಿ ಅಲ್ಲವಾ, ಸೋಮವಾರ? ಪೆಟ್ಟಿಗೆ ಕೊಟ್ಟು ಬಂದಿರಿ. ಕಾಫಿ ಕುಡಿದಿರಾ?”

“ಕುಡಿದೆ,” ಎಂದ ಶೀನಪ್ಪ. “ಅವರು ನನ್ನ ತಲೆ ನೇವರಿಸಿದರು. ಸಾಕಾ? ನಾನು ಅವನನ್ನು ಒಮ್ಮೆ ಉಳಿಸಿದವನು ಸಾರ್. ನಿಮಗೆ ಅದು ಅರ್ಥವಾಗುವುದಿಲ್ಲ.”

ಚಿನ್ನಯ್ಯ ಮೂರೂ ಕಾಗದಗಳನ್ನು ಮಡಚಿ ಎದ್ದ. ಅವನ ಹತ್ತಿರ ಇದ್ದದ್ದು ಒಂದು ಸಹಿ, ಒಂದು ಕರಪತ್ರ, ಉಳುಕದ ಒಂದು ಮಣಿಗಂಟು. ಗಡಿಬಿಡಿಯಲ್ಲಿ ನೂಲು ಕಾಣಲಿಲ್ಲ ಎಂದು ಶೀನಪ್ಪ ಒಂದು ಮಾತು ಹೇಳಿದರೆ ಯಾವ ನ್ಯಾಯಾಲಯವೂ ಅವನನ್ನು ಮುಟ್ಟುವುದಿಲ್ಲ. ಕಟ್ಟಿದವನಿಗೆ ಮಾತ್ರ ಗಲ್ಲು.

“ಐದು ಗಂಟೆ,” ಎಂದ ಶೀನಪ್ಪ, ಹಿಂದಿನಿಂದ.

*

ಠಾಣೆಯ ಜಗಲಿಯಲ್ಲಿ ಬೀಯಮ್ಮ ಕುಳಿತಿದ್ದಳು. ಮಡಿಲಲ್ಲಿ ಗಂಜಿಯ ಪಾತ್ರೆ. ತಲೆಯ ಮೇಲಿನ ಬಿಳಿಯ ವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಚಿನ್ನಯ್ಯನನ್ನು ಕಂಡು ಏಳಲು ಹೋದಳು, ಅವನು ಕೈಸನ್ನೆಯಲ್ಲಿ ಬೇಡವೆಂದು ಒಳಗೆ ನಡೆದ.

“ಬೆಳಿಗ್ಗೆಯಿಂದ ಕುಳಿತಿದ್ದಾಳೆ ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್ ಜತ್ತಪ್ಪ. “ಮಗ ಗಂಜಿ ಮುಟ್ಟುವುದಿಲ್ಲ. ಅವಳೂ ಹೋಗುವುದಿಲ್ಲ.”

“ನಾಸಿರನ ಜೇಬಿನಲ್ಲಿ ಸಿಕ್ಕಿದ ನೂಲು ತೆಗಿ.”

ಜತ್ತಪ್ಪ ಲಕೋಟೆ ತಂದ. ಎರಡು ಬೆರಳು ಉದ್ದದ ತುಂಡು. ಹಿಡಿದ ದಿನ ಎಲ್ಲರೂ ಅದನ್ನು ಕಟ್ಟಿ ಉಳಿದ ನೂಲು ಎಂದುಕೊಂಡಿದ್ದರು. ಚಿನ್ನಯ್ಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಉಳಿದ ನೂಲಾದರೆ ನೇರ ಇರಬೇಕು. ಇದು ಸುರುಳಿಸುರುಳಿ ಬಾಗಿತ್ತು, ಕಡ್ಡಿಯೊಂದಕ್ಕೆ ಬಿಗಿದು ಸುತ್ತಿಟ್ಟ ಹಾಗೆ. ಒಂದು ತುದಿಯಲ್ಲಿ ಗಂಟಿನ ಗುರುತು. ಇನ್ನೊಂದು ತುದಿಯನ್ನು ಕತ್ತರಿಸಿರಲಿಲ್ಲ, ಉಗುರಿನಿಂದ ಜಗ್ಗಿ ಹರಿದದ್ದು. ಮೇಣದ ಮೇಲೆ ಉಗುರಿನ ಗೀರುಗಳಿದ್ದವು.

ಅವನು ಲಾಕಪ್ಪಿನ ಸರಳಿನ ಮುಂದೆ ಹೋಗಿ ನಿಂತ.

ಅಬ್ದುಲ್ ನಾಸಿರ್ ಗೋಡೆಗೊರಗಿ ಕುಳಿತಿದ್ದ. ಇಪ್ಪತ್ತಾರು ವರ್ಷ. ಮೂರು ದಿನದ ಗಡ್ಡ.

“ನಾಸಿರ್, ಶನಿವಾರ ಸಂಜೆ ನೀನು ಆ ಕಟ್ಟಿನ ಮೇಲೆ ಬಗ್ಗಿದ್ದು ಕಟ್ಟಲಿಕ್ಕಲ್ಲ. ಬಿಚ್ಚಲಿಕ್ಕೆ.”

ನಾಸಿರ್ ತಲೆ ಎತ್ತಿದ.

“ಒಂದು ಸುತ್ತು ಹರಿದದ್ದು ನಿನ್ನ ಕೈಗೆ ಬಂತು. ಅಷ್ಟರಲ್ಲಿ ಕಾವಲಿನವನು ಬಂದ. ಉಳಿದದ್ದು ಅಲ್ಲಿಯೇ ಉಳಿಯಿತು. ಹೌದಾ, ಅಲ್ಲವಾ?”

“ನಾನೇ ಕಟ್ಟಿದ್ದು ಸಾರ್,” ಎಂದ ನಾಸಿರ್. ಮೂರು ದಿನ ಏಟು ತಿಂದರೂ ಇಲ್ಲ ಎಂದವನು. “ಬರೆದುಕೊಳ್ಳಿ. ಸಹಿ ಹಾಕ್ತೇನೆ.”

“ಹಾಗಾದರೆ ಎಂಟು ಎಳೆ ಹೊಸೆದು ಒಂದು ಗಂಟು ಹಾಕಿ ತೋರಿಸು.” ನಾಸಿರನ ಮನೆಯಿಂದ ಜಪ್ತಿ ಮಾಡಿ ತಂದಿದ್ದ ನೂಲಿನ ಉಂಡೆಯನ್ನು ಚಿನ್ನಯ್ಯ ಜತ್ತಪ್ಪನ ಕೈಯಿಂದ ತೆಗೆದು ಸರಳಿನೊಳಗೆ ಹಾಕಿದ.

ನಾಸಿರ್ ಅದನ್ನು ಎತ್ತಿಕೊಂಡ. ತಂತಿ ಜೋಡಿಸಿ ಅಭ್ಯಾಸವಾದ ದಪ್ಪ ಬೆರಳುಗಳು. ನೂಲು ಸಿಕ್ಕಾಯಿತು, ಬೆವರಿನಲ್ಲಿ ಜಾರಿತು. ಎರಡನೆಯ ಸಲವೂ ಆಗಲಿಲ್ಲ. ಅವನು ಅದನ್ನು ಮುಷ್ಟಿಯಲ್ಲಿ ಹಿಸುಕಿ ಮುಖ ಮುಚ್ಚಿಕೊಂಡ.

“ಅವನನ್ನು ಕೇಳಬೇಡಿ.”

ಬೀಯಮ್ಮ ಬಾಗಿಲಲ್ಲಿ ನಿಂತಿದ್ದಳು. ಜತ್ತಪ್ಪ ತಡೆಯಹೋದ. ಚಿನ್ನಯ್ಯ ಬಿಡು ಎಂದ.

“ಉಮ್ಮ, ಬೇಡ!” ನಾಸಿರ್ ಸರಳನ್ನು ಹಿಡಿದು ಎದ್ದ. “ಮಾತಾಡಬೇಡ ಉಮ್ಮ!”

“ಸುಮ್ಮನಿರು. ಒಬ್ಬ ಹೋದ, ಇನ್ನೊಬ್ಬನನ್ನೂ ಕೊಡಬೇಕಾ ನಾನು?” ಅವಳು ಚಿನ್ನಯ್ಯನ ಕಡೆ ತಿರುಗಿದಳು. “ನಾನು ಕಟ್ಟಿದ್ದು ಸಾರ್. ದಿನಕ್ಕೆ ಸಾವಿರ ಬೀಡಿ ಕಟ್ಟುವ ಕೈ ಇದು. ಗಂಟು ಹಾಕಲಿಕ್ಕೆ ನನಗೆ ನೋಡಬೇಕೆಂದೂ ಇಲ್ಲ.”

ಶನಿವಾರ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಗಂಟೆ ಹಾಲು ತೆರೆದಿದ್ದರು. ಬೀಯಮ್ಮ ನಾಸಿರನಿಗೆ ಬುತ್ತಿ ತೆಗೆದುಕೊಂಡು ಮೂಡುಬಿದಿರೆಗೆ ಹೋಗಿದ್ದಳು. ಮಗ ಇದ್ದ ಸೈನ್ಯ ಹೇಗಿರುತ್ತದೆ ಎಂದು ಒಮ್ಮೆ ನೋಡುವ ಎಂದು ಒಳಗೆ ಹೋದಳು. ಮೇಜಿನ ಹಿಂದೆ ನಿಂತು ವಿವರಿಸುತ್ತಿದ್ದವನು ಶೀನಪ್ಪ. ಅವನಿಗೆ ಅವಳ ಗುರುತಿಲ್ಲ. ಅವಳಿಗೆ ಅವನ ಗುರುತಿತ್ತು. ಉಸ್ಮಾನ್ ಕಳಿಸಿದ ಫೋಟೋದಲ್ಲಿ ಪಕ್ಕದಲ್ಲಿ ನಿಂತವನು.

“ಈ ಕೊಡೆ ನನ್ನದು, ಇದೇ ನನ್ನ ಜೀವ ಅಂತ ಅದರ ಮೇಲೆ ತಟ್ಟಿದ. ಮುಚ್ಚಳ ತೆಗೆದು ತೋರಿಸಿದ. ಈ ಕಡ್ಡಿ ಜಾರಿದರೆ ಬದುಕು, ಜಾರದಿದ್ದರೆ ಸಾವು ಅಂತ ನಗಾಡಿದ ಸಾರ್. ಹೆಂಗಸರೆಲ್ಲ ನಗಾಡಿದರು. ಆಮೇಲೆ ಅವರನ್ನು ಕರೆದುಕೊಂಡು ಆಚೆ ತುದಿಗೆ ಹೋದ, ಆ ದೊಡ್ಡ ಬಟ್ಟೆ ತೋರಿಸಲಿಕ್ಕೆ. ನಾನು ಅಲ್ಲೇ ನಿಂತೆ. ಸೊಂಟದಲ್ಲಿ ನೂಲಿತ್ತು. ಮೇಣವೂ ಇತ್ತು. ಕೈ ತಾನೇ ಹೊಸೆಯಿತು.”

“ಆಮೇಲೆ?”

“ನಾಲ್ಕು ಗಂಟೆಗೆ ಮನೆಗೆ ಬರುವಾಗ ಆ ಭೋಜ ಅಂಗಳದಲ್ಲಿ ಕುಳಿತಿದ್ದ. ನಾನು ಯಾರು ಏನು ಅಂತ ಕೇಳುವ ಮೊದಲೇ ಕಾಲಿಗೆ ಬಿದ್ದ. ನಿಮ್ಮ ಮಗ ಓಡಲಿಲ್ಲ, ನಾಳೆ ಎಲ್ಲರೆದುರು ಹೇಳ್ತೇನೆ ಅಂದ. ರೊಟ್ಟಿ ಹಾಕಿದೆ. ತಿಂದ. ಎರಡು ವರ್ಷದಲ್ಲಿ ನನ್ನ ಮನೆಯಲ್ಲಿ ಕೈ ತೊಳೆದ ಹೊರಗಿನವ ಅವನೊಬ್ಬನೇ.” ಬೀಯಮ್ಮ ವಸ್ತ್ರದ ತುದಿಯಲ್ಲಿ ಮುಖ ಒರೆಸಿದಳು. “ಅವನು ಹೋದ ಕೂಡಲೇ ಲಾರಿ ಹಿಡಿದು ಮತ್ತೆ ಮೂಡುಬಿದಿರೆಗೆ ಓಡಿದೆ. ಇನ್ನು ಯಾರೂ ಸಾಯುವುದು ಬೇಡ, ಬಿಚ್ಚಿ ಹಾಕು ಅಂತ ನಾಸಿರನಿಗೆ ಹೇಳಿದೆ.”

“ಕಾವಲಿನವನು ಬಂದ,” ಎಂದ ನಾಸಿರ್, ಸರಳಿಗೆ ಹಣೆ ಒತ್ತಿ. “ಬೆಳಿಗ್ಗೆ ಹೇಗಾದರೂ ಅವರು ಪರೀಕ್ಷೆ ಮಾಡ್ತಾರೆ, ಕಾಣ್ತದೆ, ತೆಗೀತಾರೆ ಅಂತ ಉಮ್ಮನಿಗೆ ಧೈರ್ಯ ಹೇಳಿದೆ.”

ಪರೀಕ್ಷೆ ಮಾಡಿದ್ದರು. ಕಂಡಿತ್ತು ಕೂಡ.

“ಮೂರು ದಿನದಿಂದ ಹೇಳ್ತಾ ಇದ್ದೇನೆ,” ಎಂದಳು ಬೀಯಮ್ಮ, ಜತ್ತಪ್ಪನ ಕಡೆ ಕೈ ತೋರಿಸಿ. “ನನ್ನನ್ನು ಹಿಡಿಯಿರಿ, ಇವನನ್ನು ಬಿಡಿ ಅಂತ.”

ಜತ್ತಪ್ಪ ತಲೆ ತಗ್ಗಿಸಿದ. “ಎಲ್ಲ ತಾಯಂದಿರೂ ಹಾಗೇ ಹೇಳುವುದಲ್ಲವಾ ಸಾರ್…”

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಚಿನ್ನಯ್ಯ ತನ್ನ ಕುರ್ಚಿಯಲ್ಲಿ ಕುಳಿತು ವರದಿಯ ಹಾಳೆ ಎಳೆದುಕೊಂಡ. ನಿಜ ಬರೆದರೆ ನೂಲು ಕಟ್ಟಿದ ಮುದುಕಿಗೆ ಶಿಕ್ಷೆ. ನೂಲು ಕಂಡೂ ಕಾಣದಂತೆ ಇನ್ನೊಬ್ಬನ ಎದೆಗೆ ಬಿಗಿದವನು ಏಳು ಗಂಟೆಯ ರೈಲಿನಲ್ಲಿ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಸುಳ್ಳು ವರದಿ ಬರೆದವನಲ್ಲ. ಆದರೆ ಬರೆದ ನಿಜಗಳಲ್ಲಿ ಎಷ್ಟು ನಿಜವಿತ್ತು? ಆ ಅಕ್ಕಿಯ ಮಡಕೆಯನ್ನೂ ಅವನು ನಿಜವೆಂದೇ ಕವುಚಿದ್ದ.

ಮಸಿ ಅದ್ದಿ ಬರೆಯತೊಡಗಿದ. ಯಾಂತ್ರಿಕ ದೋಷದಿಂದ ಸಂಭವಿಸಿದ ಆಕಸ್ಮಿಕ ಮರಣ ಎಂದು ಕಂಡುಬರುತ್ತದೆ. ಅಕ್ಷರಗಳು ಅವನವೇ. ಕೈ ಮಾತ್ರ ಬೇರೆ ಯಾರದ್ದೋ ಎನಿಸಿತು.

ಸಹಿ ಒಂದು ಬಾಕಿ ಇತ್ತು.

*

“ಒಳಗೆ ಬರಬಹುದಾ?”

ಬಾಗಿಲಲ್ಲಿ ಭೋಜನ ಅಕ್ಕ ಶಶಿಪ್ರಭಾ ನಿಂತಿದ್ದಳು. ಶಾಲೆಯ ಟೀಚರ್. ಬಿಳಿ ಸೀರೆ, ಬೆಳ್ತಂಗಡಿ ಬಸ್ಸಿನ ಧೂಳು ಮೈಮೇಲೆಲ್ಲ. ಅವಳ ಕಣ್ಣು ಜಗಲಿಯ ಮೂಲೆಯಲ್ಲಿ ಮತ್ತೆ ಹೋಗಿ ಕುಳಿತಿದ್ದ ಬೀಯಮ್ಮನ ಮೇಲೆ ಒಮ್ಮೆ ನಿಂತು ಈಚೆ ಬಂತು.

“ಬನ್ನಿ ಟೀಚರ್. ಕುಳಿತುಕೊಳ್ಳಿ.”

ಅವಳು ಕುಳಿತುಕೊಳ್ಳಲಿಲ್ಲ. “ಶೀನಪ್ಪಣ್ಣ ತಂದುಕೊಟ್ಟ ತಮ್ಮನ ಪೆಟ್ಟಿಗೆಯಲ್ಲಿ, ತಳಕ್ಕೆ ಹಾಸಿದ ಪೇಪರಿನ ಕೆಳಗೆ ಇದು ಇತ್ತು. ನಿನ್ನೆ ಸಿಕ್ಕಿತು.” ಕೈಚೀಲದಿಂದ ಒಂದು ಲಕೋಟೆ ತೆಗೆದಳು. ಸ್ಟಾಂಪು ಹಚ್ಚಿರಲಿಲ್ಲ. ಮೇಲೆ ವಿಳಾಸವಿತ್ತು: ಬೀಯಮ್ಮನವರಿಗೆ, ಮೆಲ್ಕಾರ್. “ನನಗೆ ಬರೆದದ್ದಲ್ಲ. ಆದರೂ ಒಡೆದು ಓದಿದೆ. ಓದಬಾರದಿತ್ತು.”

“ನಿಮ್ಮ ತಾಯಿಯವರಿಗೆ ಗೊತ್ತುಂಟಾ?”

“ಇಲ್ಲ. ಅಮ್ಮ ಅವನ ಫೋಟೋಕ್ಕೆ ಹಾರ ಹಾಕಿ ಕುಳಿತಿದ್ದಾರೆ. ನಮ್ಮ ಶಾಲೆಯಲ್ಲೂ ಆ ಫೋಟೋ ಇಡ್ತಾರಂತೆ, ಊರಿನವರು ಬಂದು ಹೇಳಿ ಹೋದರು. ಮಕ್ಕಳಿಗೆ ಪಾಠ ಮಾಡುವವಳು ನಾನೇ ಅಲ್ಲವಾ, ಅದರ ಕೆಳಗೆ ನಿಂತು?” ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. “ರಾತ್ರೆಯಿಡೀ ಇದನ್ನು ಒಲೆಯ ಮುಂದೆ ಹಿಡಿದುಕೊಂಡು ಕುಳಿತಿದ್ದೆ ಸಾರ್. ಹಾಕಲಿಕ್ಕೆ ಕೈ ಬರಲಿಲ್ಲ.”

ಚಿನ್ನಯ್ಯ ಕಾಗದ ಬಿಡಿಸಿದ. ಶನಿವಾರ ಸಂಜೆ, ಅವಸರದಲ್ಲಿ ಪೆನ್ಸಿಲಿನಲ್ಲಿ ಬರೆದದ್ದು.

ಬೀಯಮ್ಮನವರಿಗೆ ಭೋಜ ಮಾಡುವ ವಂದನೆಗಳು. ಇವತ್ತು ನಿಮ್ಮ ಮನೆಯಲ್ಲಿ ಅರ್ಧ ಮಾತ್ರ ಹೇಳಿದೆ. ನೀವು ರೊಟ್ಟಿ ಬಡಿಸಿದ ಮೇಲೆ ಉಳಿದ ಅರ್ಧ ಗಂಟಲಿನಿಂದ ಹೊರಗೆ ಬರಲಿಲ್ಲ. ಆ ದಿನ ಬಂದೂಕು ನನ್ನದು. ಗುಂಡು ಸುರುವಾದಾಗ ಅದನ್ನು ಬಿಟ್ಟು ಓಡಿದವನು ನಾನು. ಉಸ್ಮಾನ್ ನನ್ನ ಜಾಗಕ್ಕೆ ಬಂದು ಕುಳಿತ. ಹೋಗು ಮಾರಾಯ, ನಾನು ನೋಡಿಕೊಳ್ತೇನೆ ಎಂದ. ಅದೇ ಅವನ ಕೊನೆಯ ಮಾತು. ಓಡಿದವನು ಯಾರು ಎಂದು ಮೇಲಿನವರು ಕೇಳಿದಾಗ ಶೀನಪ್ಪಣ್ಣ ನನ್ನನ್ನು ಉಳಿಸಲಿಕ್ಕೆ ಸತ್ತವನ ಹೆಸರು ಹೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ನಾಳೆ ಮೈಕಿನ ಮುಂದೆ ನನ್ನ ನಾಲಿಗೆ ಏಳದಿದ್ದರೆ ಈ ಕಾಗದವನ್ನು ಟಪಾಲಿಗೆ ಹಾಕುತ್ತೇನೆ.

ಚಿನ್ನಯ್ಯ ಎರಡು ಸಲ ಓದಿದ. ಒಬ್ಬನನ್ನು ಉಳಿಸಲು ಬರೆದೆ ಎಂದು ಶೀನಪ್ಪ ಹೇಳಿದ್ದು ತನ್ನ ಬಗ್ಗೆ ಅಲ್ಲ, ಭೋಜನ ಬಗ್ಗೆ. ಎರಡು ವರ್ಷ ಕಾಪಾಡಿದ ಭೋಜನೇ ಶೀನಪ್ಪನ ಸುಳ್ಳನ್ನೂ ಸೇರಿಸಿ ಬಯಲಿಗೆಳೆಯಲು ಹೊರಟಾಗ, ಶೀನಪ್ಪನ ಕೈಗೆ ಯಾರೋ ಒಂದು ನೂಲು ಕೊಟ್ಟಿದ್ದರು.

“ನೀವೇನು ಮಾಡ್ತೀರಿ ಎಂದು ನಾನು ಕೇಳುವುದಿಲ್ಲ,” ಎಂದಳು ಶಶಿಪ್ರಭಾ ಮೆಲ್ಲಗೆ. “ಅವರ ಕಾಗದ ಅವರಿಗೆ ಸೇರಬೇಕು. ಅಷ್ಟು ಮಾತ್ರ ಗೊತ್ತುಂಟು ನನಗೆ. ಆದರೆ ನನ್ನ ಬಾಯಿಯಿಂದ ಆಗುವುದಿಲ್ಲ.”

ಹೊರಗೆ, ಪೇಟೆಯ ತುದಿಯಲ್ಲಿ, ದೊಡ್ಡ ಲಾರಿಯೊಂದರ ಇಂಜಿನಿನ ಸದ್ದಾಯಿತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಮಂಗಳೂರಿನ ದಾರಿ ಹಿಡಿಯಲು ಜೋಡುಮಾರ್ಗಕ್ಕೆ ಹೋಗುವ ಲಾರಿ ಠಾಣೆಯ ಮುಂದೆಯೇ ಹಾಯಬೇಕು. ಸಹಿ ಇಲ್ಲದ ವರದಿ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಒಮ್ಮೆ ಎದ್ದು ಬಿತ್ತು.

ಅದಕ್ಕೆ ಸಹಿ ಹಾಕಿದರೆ ಉಸ್ಮಾನನಿಗೆ ಹೆಸರು, ನಾಸಿರನಿಗೆ ಬಾಗಿಲು, ಭೋಜನ ಫೋಟೋಕ್ಕೆ ಹಾರ. ಆ ಕಾಗದ ಹೊರಬಂದರೆ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಉರಿದುಹೋಗುತ್ತದೆ ಎಂದು ಅವನಿಗೆ ಲೆಕ್ಕ ಸಿಗಲಿಲ್ಲ. ತಾನು ಕಣ್ಣೀರು ಹಾಕುತ್ತಿರುವುದು ಮಗನನ್ನು ಬಿಟ್ಟು ಓಡಿದವನಿಗಾಗಿ ಎಂದು ತಿಳಿದರೆ ಆ ಮುದುಕಿ ಅಳುತ್ತಾಳೋ, ನಗುತ್ತಾಳೋ?

ತಲೆ ಎತ್ತಿದಾಗ ಬೀಯಮ್ಮ ಮೇಜಿನ ಹತ್ತಿರ ಬಂದು ನಿಂತಿದ್ದಳು. ಲಕೋಟೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು. ಕನ್ನಡ ಅವಳಿಗೆ ಓದಲು ಬಾರದು.

“ಆ ಭೋಜನ ಕಾಗದ ಅಲ್ಲವಾ? ತಮ್ಮನ ಪೆಟ್ಟಿಗೆಯಲ್ಲಿತ್ತು ಅಂದದ್ದು ಕೇಳಿತು, ಈ ಅಮ್ಮ ನನ್ನನ್ನೇ ನೋಡ್ತಾ ಇದ್ದರು,” ಎಂದಳು. “ನನ್ನ ಉಸ್ಮಾನನ ವಿಷಯ ಬರೆದುಂಟಾ ಅದರಲ್ಲಿ?”

“ಉಂಟು,” ಎಂದ ಚಿನ್ನಯ್ಯ.

“ಓದಿ ಸಾರ್. ಎಲ್ಲರಿಗೂ ಕೇಳುವ ಹಾಗೆ ಓದಿ. ನಾಸಿರನಿಗೂ ಕೇಳಲಿ.”

ನಾಸಿರ್ ಸರಳಿನ ಹಿಂದೆ ಎದ್ದು ನಿಂತ. ಶಶಿಪ್ರಭಾ ಗೋಡೆಯ ಕಡೆ ಮುಖ ಮಾಡಿದಳು. ಲಾರಿ ತಿರುವಿನಲ್ಲಿ ಹಾರ್ನ್ ಹಾಕಿ, ಠಾಣೆಯ ಮುಂದೆ ಬಂದು, ನಿಂತಿತು. ಬಾಗಿಲು ತೆರೆದ ಸದ್ದು. ಬೂಟುಗಾಲು ಮೆಟ್ಟಿಲು ಹತ್ತತೊಡಗಿತು.

ಚಿನ್ನಯ್ಯ ಕಾಗದವನ್ನು ಬೆಳಕಿಗೆ ಹಿಡಿದ.

“ಬೀಯಮ್ಮನವರಿಗೆ ಭೋಜ ಮಾಡುವ ವಂದನೆಗಳು,” ಎಂದು ಓದಿದ. ಮುಂದಿನ ಸಾಲಿಗೆ ಬೆರಳಿಟ್ಟಾಗ ಶೀನಪ್ಪ ಬಾಗಿಲಲ್ಲಿ ನಿಂತಿದ್ದ, ಸಹಿ ಹಾಕಿದ ಹಾಳೆಯನ್ನು ಕೈಯಲ್ಲಿ ಹಿಡಿದು.